ಹೆಲ್ಮೆಟ್ ತಪಾಸಣೆಯಲ್ಲಿ ಷಟ್‌ಪ್ರಮಾಣ ವಿಚಾರ

ಜ್ಞಾನ ಹುಟ್ಟುವ ದಾರಿಗಳು ಆರು ಎಂದು ನಮ್ಮ ದರ್ಶನಕಾರರು ಎಣಿಸಿದ್ದಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ. ಭಾಟ್ಟ ಮೀಮಾಂಸಕರು ಆರನ್ನೂ ಒಪ್ಪುತ್ತಾರೆ, ನೈಯಾಯಿಕರು ನಾಲ್ಕಕ್ಕೇ ನಿಲ್ಲುತ್ತಾರೆ, ಚಾರ್ವಾಕರಿಗೆ ಕಣ್ಣಿಗೆ ಕಂಡದ್ದೊಂದೇ ಸಾಕು. ಈ ಜಗಳ ಶತಮಾನಗಟ್ಟಲೆ ಬಗೆಹರಿಯದೆ ಉಳಿದದ್ದಕ್ಕೆ ಕಾರಣ ಸರಳ. ವಾದಿಗಳಲ್ಲಿ ಒಬ್ಬರಿಗೂ ಸ್ಕೂಟರ್ ಇರಲಿಲ್ಲ. ಯಾವುದೇ ತಾಲ್ಲೂಕು ಕೇಂದ್ರದಲ್ಲಿ ಬೆಳಗ್ಗೆ ಹತ್ತೂವರೆಗೆ, ಬೈಪಾಸ್ ಕೂಡುವಲ್ಲಿನ ಮಳೆಮರದ ಕೆಳಗೆ ಬ್ಯಾರಿಕೇಡ್ ಬಿತ್ತೆಂದರೆ ಆರೂ ಪ್ರಮಾಣಗಳು ಒಟ್ಟಿಗೆ ದುಡಿಯತೊಡಗುತ್ತವೆ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಮೊದಲು ಆಕರಗ್ರಂಥ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ದ್ವಿಚಕ್ರ ಸವಾರನಿಗೆ ಹೆಲ್ಮೆಟ್ ವಿಧಿಸುತ್ತದೆ, ಅದನ್ನು ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕೆಂದೂ ಹೇಳುತ್ತದೆ. ಕರ್ನಾಟಕದಲ್ಲಿ ಹಿಂದೆ ಕೂತವರಿಗೂ 2016ರ ಜನವರಿಯಿಂದ ಕಡ್ಡಾಯ ಜಾರಿಯಾಯಿತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ತಿದ್ದುಪಡಿ ದಂಡವನ್ನು 1,000 ರೂಪಾಯಿಗೆ ಏರಿಸಿತು, ಅದೇ ತಿಂಗಳು ರಾಜ್ಯ 500ಕ್ಕೆ ಇಳಿಸಿತು. ಕಾಯ್ದೆ ಇಡೀ ದೇಶಕ್ಕೆ ಅನ್ವಯ ಎಂದು ಪುಸ್ತಕದಲ್ಲೇನೋ ಇದೆ. ಕ್ಷೇತ್ರಕಾರ್ಯದಲ್ಲಿ ಕಂಡುಬಂದದ್ದು ಬೇರೆ: ಅದರ ವ್ಯಾಪ್ತಿ ಮರದ ನೆರಳು ಬೀಳುವಷ್ಟು, ಕಾಲಾವಧಿ ಆ ನೆರಳು ಇರುವಷ್ಟು.

ಪ್ರತ್ಯಕ್ಷದ ವಿಷಯದಲ್ಲಿ ಚಾರ್ವಾಕರಿಗೆ ದೊಡ್ಡ ಗೆಲುವು ಸಿಕ್ಕಿದ್ದು 2022ರ ಜೂನ್‌ನಲ್ಲಿ. ಬರಿಗಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ, ಬರೀ ದಾಖಲೆ ನೋಡಲೆಂದು ವಾಹನ ತಡೆಯಬಾರದು ಎಂದು ಆಗಿನ ರಾಜ್ಯ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಸೂಚಿಸಿದರು. ಬಕಲ್ ಹಾಕದ ಹೆಲ್ಮೆಟ್ ಬರಿಗಣ್ಣಿಗೆ ಕಾಣುತ್ತದೆಯೇ? ವಿಮೆ ಮುಗಿದ ಗಾಡಿಯ ಮುಖದಲ್ಲಿ ಏನಾದರೂ ಕಳೆಗುಂದಿರುತ್ತದೆಯೇ? ಈ ಸೂಕ್ಷ್ಮಗಳನ್ನು ರಸ್ತೆಯ ಮೇಲೆ ಇತ್ಯರ್ಥ ಮಾಡಬೇಕಾದವರು ಕೈ ಅಡ್ಡ ಹಿಡಿದು ನಿಂತ ಕಾನ್‌ಸ್ಟೇಬಲ್. ಪಾಪ, ಅವರಿಗೆ ದಂಡ ಬರೆಯುವ ಅಧಿಕಾರವೂ ಇಲ್ಲ. ಅದು ಎಎಸ್‌ಐ ಮತ್ತು ಅವರ ಮೇಲಿನವರದು. ಹೀಗಾಗಿ ಕಾನ್‌ಸ್ಟೇಬಲ್‌ರ ದರ್ಶನವೆಲ್ಲ ಎರಡು ಸೂತ್ರಗಳಲ್ಲಿ ಮುಗಿಯುತ್ತದೆ: “ಗಾಡಿ ಸೈಡಿಗೆ ಹಾಕಿ”, “ಸಾಹೇಬ್ರ ಹತ್ರ ಹೋಗಿ”.

ಅನುಮಾನವನ್ನು ವಿವರಿಸಲು ನೈಯಾಯಿಕರು ಬೆಟ್ಟ ಹತ್ತಿದರು, ಹೊಗೆ ಕಂಡು ಬೆಂಕಿಯನ್ನು ಊಹಿಸಿದರು. ಅಷ್ಟು ಶ್ರಮ ಬೇಡ. ಎದುರಿಗೆ ಹೋಗುತ್ತಿದ್ದ ಮೂರು ಬೈಕುಗಳು ಯಾವ ಕಾರಣವೂ ಇಲ್ಲದೆ ಸರಕ್ಕನೆ ತಿರುಗಿ ವಾಪಸ್ ಬಂದರೆ ಮುಂದೆ ಏನಿದೆ ಎಂಬುದಕ್ಕೆ ಹೇತು, ದೃಷ್ಟಾಂತ, ನಿಗಮನ ಎಲ್ಲವೂ ಸಿದ್ಧ. ಆ ಬೈಕುಗಳಲ್ಲಿ ತಲಾ ಮೂವರಿದ್ದರೆ ವ್ಯಾಪ್ತಿಯೂ ಗಟ್ಟಿ.

ಆದರೆ ಪ್ರಮಾಣಗಳಲ್ಲಿ ರಾಜ ಶಬ್ದವೇ. ಆಪ್ತರ ಮಾತು ನಂಬಬೇಕು ಎಂದು ಶಾಸ್ತ್ರ ಹೇಳುತ್ತದೆ. ಆಪ್ತನೆಂದರೆ ಯಥಾರ್ಥ ಬಲ್ಲವನು, ಸುಳ್ಳು ಹೇಳಿ ಏನೂ ಲಾಭವಿಲ್ಲದವನು. ಎದುರಿನಿಂದ ಬರುವ ಅಪರಿಚಿತ ಸವಾರ ಈ ಲಕ್ಷಣಕ್ಕೆ ಪೂರ್ತಿ ಹೊಂದುತ್ತಾನೆ. ಪಕ್ಕದ ಮನೆಯವನಿಗೆ ನಲ್ಲಿ ನೀರು ಬಂದದ್ದನ್ನು ಹೇಳದವನೂ ಹಾದಿಯಲ್ಲಿ ಹೋಗುವ ಯಾರಿಗಾದರೂ ಎರಡು ಸಲ ಹೆಡ್‌ಲೈಟ್ ಮಿಟುಕಿಸಿ, “ಮುಂದೆ ಹಿಡೀತಾವ್ರೆ” ಎಂದು ಕೂಗಿಯೇ ಹೋಗುತ್ತಾನೆ. ಜಾತಿ, ಪಕ್ಷ, ಬಡಾವಣೆ ಯಾವುದನ್ನೂ ಕೇಳದ ಇಂಥ ಪರೋಪಕಾರ ನಮ್ಮ ಊರುಗಳಲ್ಲಿ ಬೇರೆಲ್ಲಿಯೂ ದಾಖಲಾಗಿಲ್ಲ. ಲೈಟು ಮಿಟುಕಿಸುವುದು ಶಬ್ದವಾದೀತೇ ಎಂದು ಪೂರ್ವಪಕ್ಷಿ ಆಕ್ಷೇಪಿಸಬಹುದು. ಅಂಥವನನ್ನು ಹೆಲ್ಮೆಟ್ಟಿಲ್ಲದೆ ಮರದ ಕಡೆಗೆ ಕಳಿಸತಕ್ಕದ್ದು. ಶಬ್ದದ್ದೇ ಉಪಭೇದವೊಂದು ಹಿಡಿದ ಮೇಲೆ ಪ್ರಯೋಗವಾಗುತ್ತದೆ: “ಸಾರ್, ಒಂದ್ನಿಮಿಷ ಫೋನ್ ಕೊಡ್ತೀನಿ, ಮಾತಾಡಿ.” ಫೋನಿನ ಆ ತುದಿಯಲ್ಲಿರುವವನ ಆಪ್ತತ್ವ ಅವನ ಹುದ್ದೆಯನ್ನು ಅವಲಂಬಿಸಿದೆ. ಮಾಜಿ ಪುರಸಭಾ ಸದಸ್ಯರ ಪ್ರಾಮಾಣ್ಯ ಈಚೆಗೆ ಬಹಳ ಕುಸಿದಿದೆ.

ಉಪಮಾನಕ್ಕೆ ಹೆಚ್ಚು ಜಾಗ ಬೇಕಿಲ್ಲ. ಹಸುವನ್ನು ಬಲ್ಲವನು ಕಾಡಿನಲ್ಲಿ ಅದರಂತಿರುವ ಪ್ರಾಣಿ ಕಂಡು ಇದು ಗವಯ ಎಂದು ತಿಳಿಯುತ್ತಾನಷ್ಟೆ. ಹಾಗೆಯೇ ಫುಟ್‌ಪಾತಿನಲ್ಲಿ ರಾಶಿ ಹಾಕಿ ಮಾರುವ ಅರ್ಧ ಹೆಲ್ಮೆಟ್ ಹೆಲ್ಮೆಟ್ಟನ್ನು ಹೋಲುತ್ತದೆ. ಐಎಸ್‌ಐ ಗುರುತಿನ ಸ್ಟಿಕ್ಕರ್ ಕೂಡ ಗುರುತನ್ನು ಹೋಲುತ್ತದೆ. ಹೆಲ್ಮೆಟ್ಟನ್ನು ಧರಿಸುವ ಸ್ಥಾನದ ಬಗ್ಗೆ ಮತಭೇದಗಳಿವೆ: ಒಂದು ಪಂಥ ಮೊಳಕೈಗೆ, ಇನ್ನೊಂದು ಪೆಟ್ರೋಲ್ ಟ್ಯಾಂಕಿನ ಮೇಲೆ, ಮತ್ತೊಂದು ಕನ್ನಡಿಗೆ. ಮಾತಿಗೆ ಸಿಕ್ಕ ಎಲ್ಲ ಪಂಥದವರೂ ಹೆಲ್ಮೆಟ್ ದಂಡವನ್ನು ತಪ್ಪಿಸುತ್ತದೆ ಎಂಬುದನ್ನು ಏಕಕಂಠದಿಂದ ಒಪ್ಪಿದರು. ತಲೆಗೆ ಬೀಳುವ ಪೆಟ್ಟನ್ನೂ ತಪ್ಪಿಸಬಹುದು ಎಂಬ ವಾದವನ್ನು ಯಾವ ಪಕ್ಷವೂ ಎತ್ತಲಿಲ್ಲ.

ಅರ್ಥಾಪತ್ತಿಯ ಹಳೆಯ ಉದಾಹರಣೆ ದೇವದತ್ತನದು. ಹಗಲು ಉಣ್ಣದ ಆತ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಇಂದಿನ ದೇವದತ್ತನ ಗಾಡಿಗೆ ವಿಮೆಯಿಲ್ಲ, ಎಮಿಷನ್ ಟೆಸ್ಟ್ ಮುಗಿದು ಎಷ್ಟೋ ಕಾಲವಾಯಿತು, ಆದರೂ ಮರದ ಕೆಳಗೆ ಒಮ್ಮೆಯೂ ಸಿಕ್ಕಿಬಿದ್ದಿಲ್ಲ. ಆದ್ದರಿಂದ ಸಂತೆ ಮೈದಾನದ ಹಿಂದಿನ ಓಣಿ ಅವನಿಗೆ ಗೊತ್ತು. ಅವನು ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಹೋದಾಗ ಮಾತ್ರ ಕ್ಯಾಮೆರಾ ಹಿಡಿಯುತ್ತದೆ. ಕ್ಯಾಮೆರಾಕ್ಕೆ ಓಣಿ ಗೊತ್ತಿಲ್ಲ, ಮಾಜಿ ಸದಸ್ಯರ ಪರಿಚಯವೂ ಇಲ್ಲ. ದೇವದತ್ತ ಕಂಗೆಡುವುದಿಲ್ಲ, ಕಾಯುತ್ತಾನೆ. 2023ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ದಂಡಕ್ಕೆ ಶೇಕಡಾ 50 ರಿಯಾಯಿತಿ ಕೊಟ್ಟಿತು. ಠಾಣೆಗಳ ಮುಂದೆ ಸಾಲು ನಿಂತಿತು. 2025ರಲ್ಲಿ ಮತ್ತೆ ಕೊಟ್ಟಿತು. ಸಿಕ್ಕಿಬಿದ್ದ ದಿನವೇ ಬಾಯಿ ಮುಚ್ಚಿಕೊಂಡು ಪೂರ್ತಿ ಕಟ್ಟಿದ ಮೇಷ್ಟ್ರಿಗೆ ಯಾವ ದರ್ಶನದಲ್ಲೂ ಸಮಾಧಾನವಿಲ್ಲ.

ಉಳಿದದ್ದು ಅನುಪಲಬ್ಧಿ, ಅಂದರೆ ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು. ಹನ್ನೆರಡೂವರೆಗೆ ನೆರಳು ಕುಗ್ಗುತ್ತದೆ, ಜೀಪು ಹೊರಡುತ್ತದೆ, ಜಾಹೀರಾತು ಬರೆದ ಬ್ಯಾರಿಕೇಡ್ ಮಾತ್ರ ನಿಂತಿರುತ್ತದೆ. ಪೊಲೀಸರು ಕಾಣರು, ಆದ್ದರಿಂದ ಪೊಲೀಸರಿಲ್ಲ, ಆದ್ದರಿಂದ ಕಾಯ್ದೆಯಿಲ್ಲ. ಸವಾರ ಹೆಲ್ಮೆಟ್ ತೆಗೆದು ಮೊಳಕೈಗೆ ಏರಿಸುತ್ತಾನೆ.

ಶಂಕೆ: ತಿರುವಿನಾಚೆ ಎರಡನೆಯ ತಂಡ ನಿಂತಿದ್ದರೆ?

ಸಮಾಧಾನ: 500 ರೂಪಾಯಿ. ಹಿಂದೆ ಅತ್ತಿಗೆ ಕೂತಿದ್ದರೆ 1,000.