ಸೆಕ್ಟರ್ ಇಪ್ಪತ್ತರೊಳಗಿನ ಊರು

ನವಿ ಮುಂಬಯಿಯ ನೆರೂಳದಲ್ಲಿ ವಿಳಾಸ ಹೇಳಲು ಭಾಷೆ ಬೇಕಿಲ್ಲ, ಮಗ್ಗಿ ಬಂದರೆ ಸಾಕು. ರೈಲುಹಳಿಯ ಪಶ್ಚಿಮಕ್ಕೆ ಹೆಚ್ಚುಕಡಿಮೆ ಎಲ್ಲ ಸೆಕ್ಟರುಗಳಿಗೂ ಸಮಸಂಖ್ಯೆ, ಪೂರ್ವಕ್ಕೆ ಬೆಸ. ‘ಸೆಕ್ಟರ್ ಆರು’ ಎಂದರೆ ರಿಕ್ಷಾದವನು ಸ್ಟೇಷನ್ನಿನ ಯಾವ ಬದಿ ಎಂದು ಕೇಳುವುದೇ ಇಲ್ಲ. ಸೆಕ್ಟರ್ ಇಪ್ಪತ್ತರ ಒಳಹೊಕ್ಕರೆ ಮಾತ್ರ ಈ ಲೆಕ್ಕವೆಲ್ಲ ಕೆಡುತ್ತದೆ. ಅಲ್ಲಿಯವರೆಗೆ ಅಳತೆಪಟ್ಟಿ ಇಟ್ಟು ಎಳೆದಂತಿದ್ದ ರಸ್ತೆ ಇದ್ದಕ್ಕಿದ್ದಂತೆ ವಕ್ರವಾಗುತ್ತದೆ. ಎರಡು ಸ್ಕೂಟರುಗಳು ಎದುರುಬದುರಾದರೆ ಒಂದು ಯಾರದೋ ಜಗಲಿ ಹತ್ತಬೇಕು. “ಗಾಂವ್ ಆಲಾ”, ಊರು ಬಂತು, ಎಂದು ರಿಕ್ಷಾದವನು ನಮ್ಮನ್ನು ಇಳಿಸಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಾನೆ. ಇದೇ ಅಸಲು ನೆರೂಳ. ಅಷ್ಟು ದೊಡ್ಡ ಬಡಾವಣೆಗೆ ತನ್ನ ಹೆಸರು ಕೊಟ್ಟು, ತಾನು ಒಂದು ಸೆಕ್ಟರಿನ ಮೂಲೆಯಲ್ಲಿ ಕೂತಿರುವ ಹಳ್ಳಿ.

ನಮ್ಮ ಕಟ್ಟಡದ ಮೂರನೆಯ ಮಹಡಿಯ ಅಕ್ಕ ಮಗನನ್ನು ನೋಡಲು ಫ್ರಾನ್ಸಿಗೆ ಹೋಗಿ ಬಂದವರು. ಪ್ಯಾರಿಸ್ ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ, ಗಿಜಿಗಿಜಿ ಬೇಕಾದರೆ ದಾದರ್ ಇದೆಯಲ್ಲ ಎನ್ನುತ್ತಾರೆ. ಹಿಡಿಸಿದ್ದು ಅಲ್ಲಿನ ಒಂದು ಹಳ್ಳಿ. ಒಂದು ಇಗರ್ಜಿ, ಎದುರಿಗೆ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲು, ಪಕ್ಕದಲ್ಲಿ ಬಾವುಟ ಹಾರಿಸಿದ ಕಚೇರಿ. ಇರುವ ನಾಲ್ಕು ಬೀದಿಗೂ ಒಬ್ಬ ಮೇಯರ್! ಅದೇನೂ ವಿಶೇಷವಲ್ಲ, 1789ರ ಕ್ರಾಂತಿಯಾದ ಮೇಲೆ ಇಗರ್ಜಿಗೊಂದರಂತೆ ಇದ್ದ ಊರುಗಳೇ ಅಲ್ಲಿ ಆಡಳಿತದ ಘಟಕಗಳಾದವು, ಈಗಲೂ ಸುಮಾರು 35,000 ಇವೆ ಎಂದು ನಾನು ನನ್ನ ಓದು ತೋರಿಸಿದೆ. ಅಷ್ಟಕ್ಕೆ ಬಿಡದೆ ವರ್ಡನ್ ಕಡೆಯ ಕತೆಯನ್ನೂ ಸೇರಿಸಿದೆ. 1916ರ ಯುದ್ಧದಲ್ಲಿ ನೆಲಸಮವಾದ ಆರು ಹಳ್ಳಿಗಳಲ್ಲಿ ಇವತ್ತಿಗೂ ಒಬ್ಬ ನಿವಾಸಿಯೂ ಇಲ್ಲ. ಆದರೆ ಮೇಯರ್ ಇದ್ದಾರೆ, ಸರಕಾರವೇ ನೇಮಿಸುತ್ತದೆ.

“ಜನವೇ ಇಲ್ಲದ ಊರಿಗೆ ಮೇಯರ್ ಎಂತಕ್ಕೆ ಮಾರಾಯ್ರೆ? ನೀರು ಬರ್ಲಿಲ್ಲ ಅಂತ ಹೇಳ್ಲಿಕ್ಕಾದ್ರೂ ಒಬ್ಬರು ಬೇಡ್ವಾ?” ಎಂದರು ಅಕ್ಕ.

ನೆರೂಳ ಗಾಂವಿನ ಸಂಕಟ ಇದಕ್ಕೆ ಉಲ್ಟಾ. ನೀರು ಬರಲಿಲ್ಲ ಎನ್ನಲು ಬೇಕಾದಷ್ಟು ಜನ ಇದ್ದಾರೆ, ಊರು ಮಾತ್ರ ಕಾಗದದಿಂದ ಜಾರಿಹೋಗಿದೆ. 1992ರ ಜನವರಿ 1ರಂದು ನವಿ ಮುಂಬಯಿ ಮಹಾನಗರಪಾಲಿಕೆ ಬಂತು, ಪಂಚಾಯ್ತಿಯ ಕಾಲ ಮುಗಿಯಿತು.

ಇಲ್ಲಿನ ಭೂಗೋಳ ತಿಳಿಯಲು ಯಾವುದಾದರೂ ಎತ್ತರದ ಟೆರೇಸು ಸಾಕು. ಪೂರ್ವಕ್ಕೆ ಪಾರ್ಸಿಕ್ ಗುಡ್ಡಸಾಲು, ಪಶ್ಚಿಮಕ್ಕೆ ಠಾಣೆ ಖಾಡಿ, ನಡುವೆ ಒಂದು ಪಟ್ಟಿ ನೆಲ. ಆ ನೆಲವೂ ಅರ್ಧ ಸಮುದ್ರದ್ದೇ. ಭರತದ ಉಪ್ಪುನೀರು ಒಳಗೆ ನುಗ್ಗದಂತೆ ಒಡ್ಡು ಕಟ್ಟಿ, ಒಳಗೆ ಭತ್ತ ಬೆಳೆದವರು ಆಗ್ರಿಗಳು. ಅವರು ಉಪ್ಪನ್ನೂ ತೆಗೆದರು, ಕೋಳಿ ಸಮುದಾಯದವರದು ಮೀನುಗಾರಿಕೆ. ನಮ್ಮ ಕುಂದಾಪುರ, ಕುಮಟಾ ಕಡೆಯವರಿಗೆ ಗಜನಿ ಗದ್ದೆ ಗೊತ್ತಿದ್ದರೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸ ನಗರ ಕಟ್ಟಿದ ಎಂಜಿನಿಯರುಗಳೂ ಕಡೆಗೆ ಮಾಡಿದ್ದು ಅದೇ ಕೆಲಸ: ಭರತ ಏರಿದಾಗ ಬಾಗಿಲು ಮುಚ್ಚಿ, ಮಳೆನೀರನ್ನು ಹೋಲ್ಡಿಂಗ್ ಪಾಂಡಿನಲ್ಲಿ ನಿಲ್ಲಿಸಿಕೊಂಡು, ಇಳಿತದಲ್ಲಿ ಖಾಡಿಗೆ ಬಿಡುವುದು. ಆಗ್ರಿ ಅಜ್ಜಂದಿರು ಡಿಗ್ರಿ ಇಲ್ಲದೆ ಮಾಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಪೋರ್ಚುಗೀಸರು, ಮರಾಠರು, ಇಂಗ್ಲಿಷರು ಪಕ್ಕದ ಬೇಲಾಪುರದ ಕೋಟೆಗಾಗಿ ಕಿತ್ತಾಡಿಕೊಂಡರು. ಭತ್ತದ ಹಳ್ಳಿಗಳಿಗೆ ದೊರೆ ಬದಲಾದದ್ದು ಗೊತ್ತಾಗಿದ್ದರೆ ಅದು ಕಂದಾಯ ಕೇಳಲು ಬಂದವನ ಪೇಟದಿಂದ ಇರಬೇಕು. ನಿಜವಾದ ದಂಡಯಾತ್ರೆ ನಡೆದದ್ದು ನಕ್ಷೆಯ ಮೇಲೆ. 1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಎಂಬ ಮೂವರು ‘ಮಾರ್ಗ್’ ಪತ್ರಿಕೆಯಲ್ಲಿ, ಮುಂಬಯಿ ಉಸಿರಾಡಬೇಕಾದರೆ ಖಾಡಿಯ ಆಚೆ ಇನ್ನೊಂದು ನಗರ ಬೇಕು ಎಂದರು. 1970ರಲ್ಲಿ ಆ ನಗರ ಕಟ್ಟಲು ಸಿಡ್ಕೊ ಎಂಬ ಸರಕಾರಿ ನಿಗಮ ಹುಟ್ಟಿತು. 344 ಚದರ ಕಿಲೋಮೀಟರು, 95 ಹಳ್ಳಿಗಳು. ಶಿರ್ವಣೆ, ಜುಯಿ, ಸಾರ್ಸೋಳೆ, ಕುಕ್ಷೇತ್, ದಾರಾವೆ, ಕರಾವೆ ಎಲ್ಲವೂ ಅದರೊಳಗೆ. ಹಾಳೆಯ ಮೇಲೆ ಯೋಜನೆ ಬಹಳ ಚೆಲುವಾಗಿತ್ತು. ಹಾಳೆಯ ಅಡಿಯಲ್ಲಿ ಗದ್ದೆಗಳಿದ್ದವು.

1984ರ ಜನವರಿ 16 ಮತ್ತು 17ರಂದು ಉರಣ ತಾಲೂಕಿನಲ್ಲಿ, ಹೊಸ ನಗರಕ್ಕೆ ಹೋದ ಜಮೀನಿಗೆ ನ್ಯಾಯ ಕೇಳಿ ಡಿ. ಬಿ. ಪಾಟೀಲರ ನಾಯಕತ್ವದಲ್ಲಿ ಬೀದಿಗಿಳಿದ ರೈತರ ಮೇಲೆ ಗುಂಡು ಹಾರಿತು. ಐವರು ಸತ್ತರು. ಹೋದ ಜಮೀನಿನ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಹಿಂದಿರುಗಿಸುವ ಯೋಜನೆ ಬಂದದ್ದು ಆ ಹೋರಾಟದಿಂದ. ಇಲ್ಲಿ ಮನೆ ಕೊಳ್ಳುವವರು ‘ಸಾಡೇಬಾರಾ ಟಕ್ಕೆ ಪ್ಲಾಟು’ ಎಂಬ ಮಾತನ್ನು ದಲ್ಲಾಳಿಯ ಬಾಯಲ್ಲಿ ಕೇಳಿಯೇ ಇರುತ್ತಾರೆ. ಬೆಲೆ ಚೌಕಾಸಿ ಮಾಡುವ ಗಡಿಬಿಡಿಯಲ್ಲಿ ಅದರ ಬೆಲೆ ಏನಿತ್ತೆಂದು ಯಾರೂ ಕೇಳಿಕೊಳ್ಳುವುದಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಸುತ್ತ ಸೆಕ್ಟರು ಬೆಳೆದ ಮೇಲೆ ಗಾಂವಿಗೆ ಅಗಲವಾಗಲು ಜಾಗ ಉಳಿಯಲಿಲ್ಲ. ಮಕ್ಕಳು ಮೊಮ್ಮಕ್ಕಳು ಹುಟ್ಟುವುದು ನಿಲ್ಲಲಿಲ್ಲವಲ್ಲ, ಹಂಚಿನ ಮನೆಗಳು ಮೇಲಕ್ಕೆ ಎದ್ದವು. ಇದಕ್ಕೆ ಊರಿನವರ ಮಾತಿನಲ್ಲಿ ‘ಗರಜೇಪೋಟಿ’ ಕಟ್ಟಡ ಎಂದು ಹೆಸರು, ಅಗತ್ಯಕ್ಕಾಗಿ ಕಟ್ಟಿಕೊಂಡದ್ದು. ಅಧಿಕಾರಿಗಳ ಮಾತಿನಲ್ಲಿ ಅನಧಿಕೃತ. ಕೆಳಗೆ ಯಜಮಾನ, ಮೇಲೆ ಬಾಡಿಗೆದಾರ. ಹಾಗಾಗಿ ಹಳೆಯ ಊರಿನಲ್ಲಿ ಹಳೆಯ ಕಟ್ಟಡ ಹುಡುಕಿದರೆ ಸಿಗುವುದು ಕಷ್ಟ. ಸಿಡ್ಕೊ ಕಟ್ಟಿದ ಹೊಸ ನಗರದ ಚಾಳುಗಳೇ ಈಗ ಪಾಚಿ ಹಿಡಿದು, ಪುನರ್ವಿಕಾಸದ ಬಿಲ್ಡರಿಗಾಗಿ ಕಾಯುತ್ತ ಕೂತಿವೆ. ಹಳೆಯದಾಗಿ ಉಳಿದಿರುವುದು ಓಣಿಗಳ ತಿರುವು ಮಾತ್ರ. ಗೋಡೆ ಕೆಡವಿದವರೂ ಅಣ್ಣತಮ್ಮಂದಿರ ಗಡಿ ಕೆಡವುವುದಿಲ್ಲ.

ನಾವು ಕನ್ನಡಿಗರು ಹೆಚ್ಚಾಗಿ ರೈಲಿನ ಹಿಂದೆ ಬಂದವರು. 1992ರಲ್ಲಿ ಗಾಡಿ ಖಾಡಿ ದಾಟಿ ವಾಶಿಗೆ, ಮರುವರ್ಷ ನಮ್ಮನ್ನು ಹಾದು ಬೇಲಾಪುರಕ್ಕೆ ಹೋಯಿತು. ಇಲ್ಲಿ ಶನೀಶ್ವರನಿಗೆ ಮಂದಿರ ಕಟ್ಟಿಕೊಂಡೆವು, ಹೋಟೆಲು ನಡೆಸಿದೆವು, ಮಕ್ಕಳ ಮದುವೆ ಮಾಡಿದೆವು. ಆದರೂ ಊರು ಯಾವುದೆಂದರೆ ಬಾಯಿಗೆ ಬರುವುದು ಬೈಂದೂರು, ಕಾಪು, ಇಂಡಿ. ಮೂರನೆಯ ಮಹಡಿಯ ಅಕ್ಕನಂತೂ ಫ್ರಾನ್ಸಿನ ಹಳ್ಳಿಯನ್ನು ಬೀದಿಬೀದಿ ವರ್ಣಿಸಬಲ್ಲರು, ಅರ್ಧ ಮೈಲಿಯಾಚೆಯ ಗಾಂವಿಗೆ ಕಾಲಿಟ್ಟಿರಲಿಲ್ಲ.

ಕಾಲಿಡಿಸಿದ್ದು ಒಂದು ಹಳದಿ. ಆಗ್ರಿಗಳ ಮದುವೆಯ ಹಿಂದಿನ ದಿನದ ಅರಿಸಿನ ಶಾಸ್ತ್ರವೆಂದರೆ ಮದುವೆಗಿಂತ ಜೋರು. ರಾತ್ರಿ ಡಿಜೆಗೆ ನಮ್ಮ ಕಿಟಕಿಯ ಗಾಜು ನಡುಗಿ, ಸೊಸೈಟಿಯ ವಾಟ್ಸಾಪ್ ಗುಂಪು ಕೆರಳಿ, ಸೆಕ್ರೆಟರಿಯ ಹಿಂದೆ ನಾವು ನಾಲ್ಕೈದು ಜನ ನಿಯೋಗ ಹೊರಟೆವು. ಮದುಮಗನ ಅಜ್ಜ ಕುರ್ಚಿ ಹಾಕಿಸಿದರು. ಸಮಾಧಾನವಾಗಿ ಕೇಳಿದರು. ನಮ್ಮ ಕಟ್ಟಡ ಯಾವುದೆಂದು ವಿಚಾರಿಸಿ, “ಅಲ್ಲಿ ನಾನು ಚಿಂಬೋರಿ ಹಿಡಿಯುತ್ತಿದ್ದೆ ಸಾಹೇಬ. ಏಡಿಗಳು ಯಾವತ್ತೂ ಕಂಪ್ಲೇಂಟ್ ತಂದವಲ್ಲ” ಎಂದರು. ಆಮೇಲೆ ಸದ್ದು ತಗ್ಗಿಸಿದರು, ಅಕ್ಕಿ ಭಾಕ್ರಿ ಬಂತು, ಮೀನು ತಿನ್ನುವವರಿಗೆ ಬೊಂಬಿಲ್ ಬಂತು. ಅಕ್ಕ ಹೆಂಗಸರ ನಡುವೆ ಕೂತು ತಮ್ಮೂರಿನ ಗಜನಿ ಗದ್ದೆಯ ಸುದ್ದಿ ತೆಗೆದವರು ಏಳಲೇ ಇಲ್ಲ.

ಮರುದಿನ ಗುಂಪಿನಲ್ಲಿ ಸೆಕ್ರೆಟರಿಯ ವರದಿ ಬಂತು: ಸದ್ದಿನ ವಿಷಯ ಮಾತಾಡಿಯಾಗಿದೆ. ಅವರ ಮನೆಯ ಮುಂದಿನ ಮದುವೆ ಮೇ ತಿಂಗಳಲ್ಲಿ, ನಮಗೂ ಕರೆಯಿದೆ. ಎಷ್ಟು ಜನ ಬರುತ್ತೀರೆಂದು ತಿಳಿಸಿ.