ಹದಿಮೂರನೆಯ ಆಯಗಾರ: ಟೈರಿನ ಆಯ್ಕೆ ಕುರಿತು ಒಂದು ಶಾಸ್ತ್ರೀಯ ಜಿಜ್ಞಾಸೆ

ಟೈರು ಬದಲಿಸಲು ಹೋದವರು ಬೆಲೆ, ಕಂಪನಿ, ಬಾಳಿಕೆಗಳನ್ನು ವಿಚಾರಿಸುತ್ತಾರೆ. ತಮ್ಮ ರಸ್ತೆಯಲ್ಲಿ ಯಾವ ಬೆಳೆ ಒಕ್ಕುತ್ತಾರೆ ಎಂಬುದನ್ನು ಯಾರೂ ಯೋಚಿಸುವುದಿಲ್ಲ. ಇಲ್ಲಿನ ವಾದವೆಂದರೆ, ಹಳ್ಳಿಯ ಹನ್ನೆರಡು ಆಯಗಾರರ ಸಾಲಿನಲ್ಲಿ ಟೈರು ಹದಿಮೂರನೆಯದು. ಸಗಣಿ ಸಾರಿಸಿದ ಕಣದಲ್ಲಿ ಎತ್ತುಗಳು ರೋಣಗಲ್ಲು ಎಳೆದು ಮಾಡುತ್ತಿದ್ದ ಕೆಲಸವನ್ನು ಇಂದು ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಡಾಂಬರು ರಸ್ತೆಗಳಲ್ಲಿ, ಹರಡಿದ ಬೆಳೆಯ ಮೇಲೆ ಹಾಯುವ ದಾರಿಹೋಕರ ಚಕ್ರಗಳು ಪುಕ್ಕಟೆಯಾಗಿ ಮಾಡುತ್ತಿವೆ. ಬಡಗಿ, ಕಮ್ಮಾರರಂಥ ಆಯಗಾರರಿಗೆ ಅವರ ಕೆಲಸಕ್ಕೆ ಪ್ರತಿಯಾಗಿ ಕಣದಲ್ಲೇ ಆಯ, ಅಂದರೆ ಕಾಳಿನ ಪಾಲು, ಅಳೆದು ಕೊಡುತ್ತಿದ್ದರು. ಟೈರಿಗೆ ಯಾರೂ ಅಳೆದು ಕೊಡುವುದಿಲ್ಲ. ಗ್ರಿಪ್ಪಿನ ಸಂದಿಯಲ್ಲಿ ಸಿಕ್ಕಿದ ಹುರುಳಿಯೇ ಅದರ ಪಾಲು. ‘ಆಯ್ಕೆ’ ಎಂಬ ಪದದಲ್ಲೇ ಆಯ ಅಡಗಿದೆಯಲ್ಲವೆ? ಭಾಷಾಶಾಸ್ತ್ರಜ್ಞರು ಒಪ್ಪಲಾರರು, ಆದರೆ ಅವರು ಟೈರು ಕೊಳ್ಳುವಾಗ ನಿಘಂಟು ತೆಗೆದುಕೊಂಡು ಹೋಗುವುದಿಲ್ಲ.

ಸಾಕ್ಷ್ಯಕ್ಕೆ ಬರೋಣ. ಸಂದಿಯ ಆಳ 1.6 ಮಿಲಿಮೀಟರಿಗೆ ಇಳಿದರೆ ಕಾರಿನ ಟೈರು ಬದಲಿಸಬೇಕು. ಅದನ್ನು ತೋರಿಸಲು ಸಂದಿಯೊಳಗೇ ಸಣ್ಣ ದಿಂಡುಗಳಿರುತ್ತವೆ. ರಾಗಿಕಾಳಿನ ಗಾತ್ರ ಒಂದರಿಂದ ಎರಡು ಮಿಲಿಮೀಟರ್. ಅಂದರೆ ಒಂದು ರಾಗಿಕಾಳೂ ಮುಳುಗದ ಟೈರಿಗೆ ಆಯ ಪಡೆಯುವ ಯೋಗ್ಯತೆಯಿಲ್ಲ ಎಂಬುದು ಕಾನೂನಿನ ತಾತ್ಪರ್ಯ. ಎರಡೇ ಟೈರು ಕೊಂಡರೆ ಹೊಸವನ್ನು ಹಿಂದಕ್ಕೆ ಹಾಕಿ ಎನ್ನುತ್ತಾರೆ ತಯಾರಕರು. ಒದ್ದೆ ರಸ್ತೆಯಲ್ಲಿ ಗಾಡಿಯ ಹಿಂಭಾಗ ಜಾರದಿರಲೆಂದು ಈ ಕ್ರಮ ಎಂಬುದು ಅವರ ವಿವರಣೆ. ಸವೆದ ಮುಂದಿನವು ರೋಣಗಲ್ಲಿನಂತೆ ಒಕ್ಕಲಿ, ಹಿಂದಿನವು ಆಯ ತುಂಬಿಕೊಳ್ಳಲಿ ಎಂಬುದು ನಮ್ಮ ಭಾಷ್ಯ.

ಸಂದಿಗಳಿರುವುದು ನೀರು ಹೊರಹಾಕಲು, ಕಾಳು ಹಿಡಿಯಲಲ್ಲ ಎಂಬುದು ಪೂರ್ವಪಕ್ಷ. ವಿಶ್ವೇಶ್ವರಯ್ಯ ನಾಲೆ ಹರಿಯುವ ಶ್ರೀರಂಗಪಟ್ಟಣ, ಪಾಂಡವಪುರಗಳ ಕೆಸರಿಗೆ, ಕಬ್ಬಿನ ಗಾಡಿಗೆ ಈ ಮಾತು ಸಲ್ಲುತ್ತದೆ. ಸುಗ್ಗಿಯ ನಾಗಮಂಗಲದಲ್ಲಿ ಹೊರಹಾಕಲು ನೀರೆಲ್ಲಿದೆ? ಹುಲ್ಲು ಗಾಡಿಯಡಿ ಸುತ್ತಿಕೊಂಡು ಬೆಂಕಿ ಹತ್ತುತ್ತದೆ, ಕಾಳಿನ ಮೇಲೆ ಬೈಕು ಜಾರುತ್ತದೆ ಎಂಬ ಆಕ್ಷೇಪ ಮಾತ್ರ ಗಂಭೀರವಾದದ್ದು. ಅದಕ್ಕೆ ನಮ್ಮ ಶಾಸ್ತ್ರದಲ್ಲಿ ಉತ್ತರವಿಲ್ಲ, ಬ್ರೇಕಿದೆ. ಉಳಿದದ್ದು ಅತ್ಯಂತ ಕುಟಿಲವಾದ ಆಕ್ಷೇಪ: ಟೈರು ಕೃಷಿಗೆ ಸೇರಿದ್ದಾದರೆ, ಹಳೆ ರಾಗಿಯಂತೆ ಹಳೆ ಟೈರೂ ಶ್ರೇಷ್ಠವಾಗಬೇಕಲ್ಲ? ಉತ್ತರ ಟೈರಿನ ಮೇಲೇ ಇದೆ: ಅದರ ಪಕ್ಕದ ಗೋಡೆಯಲ್ಲಿ 2324 ಎಂದಿದ್ದರೆ ಅದು 2024ರ 23ನೇ ವಾರ ತಯಾರಾದದ್ದು. ಇಟ್ಟಲ್ಲೇ ಇಟ್ಟರೂ ರಬ್ಬರು ಗಡುಸಾಗಿ ಬಿರುಕು ಬಿಡುತ್ತದೆ. ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದಿರುವ ಗುಣ ರಾಗಿಯದು. ಆಯಗಾರನನ್ನೇ ಹಗೇವಿಗೆ ಇಳಿಸಿ ಎಂದು ಯಾರೂ ಹೇಳಿಲ್ಲ.