ಒಂದು ಗೆರೆ ಹೆಚ್ಚಾದರೆ ಅಜ್ಜಿ

ದೊಡ್ಡವರ ಮುಖ ಬರೆಯುವುದು ಸುಲಭ. ಹಣೆಯಲ್ಲಿ ಎರಡು ಸುಕ್ಕು, ಕಣ್ಣಿನ ಕೆಳಗೊಂದು ಚೀಲ, ಮೂಗಿನ ಪಕ್ಕದಿಂದ ಬಾಯಿಗೆ ಇಳಿಯುವ ಗೆರೆ, ಮೇಲೊಂದು ಕನ್ನಡಕ. ಇಷ್ಟು ಹಾಕಿದರೆ ಅವರ ಹಾಗಲ್ಲದಿದ್ದರೂ ಅವರ ಷಡ್ಡಕನ ಹಾಗಾದರೂ ಕಾಣುತ್ತಾರೆ. ನಾಲ್ಕು ವರ್ಷದ ಮಗುವಿನ ಮುಖದಲ್ಲಿ ಹಿಡಿದುಕೊಳ್ಳುವುದಕ್ಕೆ ಏನೂ ಸಿಗುವುದಿಲ್ಲ. ಹುಬ್ಬು ಇದೆಯೋ ಇಲ್ಲವೋ, ಮೂಗು ಎರಡು ಚುಕ್ಕೆ, ಕೆನ್ನೆ ಅಂದರೆ ಬರೀ ಕಾಗದ. ಆ ಬರೀ ಕಾಗದದ ಮೇಲೆ ಪೆನ್ಸಿಲ್ ಒಂದು ಸಲ ಅಡ್ಡಾದಿಡ್ಡಿ ಹೋಯಿತೋ, ಮಗು ಅಲ್ಲೇ ಅಜ್ಜಿಯಾಗುತ್ತದೆ.

ನನ್ನ ಬಲಗೈ ಹೆಬ್ಬೆರಳಿಗೆ ಈಗ ಅಡ್ಡಾದಿಡ್ಡಿ ಹೋಗುವುದೇ ಕಸುಬು.

ಮೊದಲ ಸಲ ಅದು ಕೈಕೊಟ್ಟಿದ್ದು ಎದುರುಮನೆ ಪುಟ್ಟಿಯ ಚಿತ್ರದಲ್ಲಿ. ಕಣ್ಣು ಮುಗಿದಿತ್ತು, ಎರಡು ಜುಟ್ಟು ಮುಗಿದಿತ್ತು. ತುಟಿಯ ತುದಿಗೆ ಬಂದಾಗ ಹೆಬ್ಬೆರಳ ಬುಡದಲ್ಲಿ ಛಳಕ್ ಅಂತು. ಪೆನ್ಸಿಲ್ ಮೂಗಿನವರೆಗೆ ಹತ್ತಿ ಬಂತು. ಸರಿಮಾಡಲು ಹೋಗಿ ಆ ಕಡೆಗೂ ಒಂದು ಹಾಕಿದೆ. ಹಿಂದೆ ನಿಂತಿದ್ದ ಪುಟ್ಟಿಯ ಅಜ್ಜಿ, "ಅಯ್ಯೋ, ಥೇಟ್ ನಮ್ಮತ್ತೆ ಕಣ್ರೀ! ಅವರದ್ದೊಂದು ಫೋಟೋನೂ ಇರ್ಲಿಲ್ಲ" ಅಂತ ಕಣ್ಣೊರೆಸಿಕೊಂಡು ಕಾಗದ ಕಿತ್ತುಕೊಂಡು ಹೋದರು. ಮುಂದಿನ ವಾರ ಅರಿಶಿನ ಕುಂಕುಮಕ್ಕೆ ಹೋದರೆ ಚಿತ್ರಕ್ಕೆ ಕಟ್ಟು ಹಾಕಿಸಿ, ಗಂಧದ ಹಾರ ಹಾಕಿ, ನಡುಮನೆಯ ಗೋಡೆಗೆ ಏರಿಸಿದ್ದಾರೆ. ಬಂದವರಿಗೆಲ್ಲ ಪುಟ್ಟಿ ಅದನ್ನು ತೋರಿಸಿ "ಇದು ನಾನೇ" ಅನ್ನುತ್ತಿದ್ದಾಳೆ. ಪುಟ್ಟಿಯ ಅಮ್ಮ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದಳು.

ನಾನು ಮೈಸೂರಿನಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಮೇಡಮ್ಮಾಗಿದ್ದವಳು. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ಕೂರಿಸಿ ಹೂಜಿ, ಬಾಳೆಹಣ್ಣು, ಮಡಚಿದ ಛತ್ರಿ ಬರೆಸಿದ್ದೇ ಬರೆಸಿದ್ದು. ನಿವೃತ್ತಿಯಾದ ಮೇಲೆ ಹೂಜಿಯ ಸಹವಾಸ ಸಾಕು, ಇನ್ನು ಅಲುಗಾಡುವುದನ್ನು ಬರೆಯೋಣ ಅಂತ ಮಕ್ಕಳ ಮುಖಕ್ಕೆ ಬಂದೆ. ಉಮೇದು ಎಷ್ಟಿತ್ತೆಂದರೆ, ಒಂದು ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೂ ಹೋಗಿ ಕೂತೆ. ಚಿತ್ರಕಲಾ ಪರಿಷತ್ತು 2003ರಲ್ಲಿ ಶುರುಮಾಡಿದ ಸಂತೆ ಅದು. ಆ ಒಂದು ದಿನ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳ ಬದಲು ಕ್ಯಾನ್ವಾಸುಗಳು ನಿಂತಿರುತ್ತವೆ. ಪಕ್ಕದಲ್ಲಿ ಕೂತಿದ್ದ ಹುಡುಗ ಹತ್ತು ನಿಮಿಷಕ್ಕೊಂದು ಮುಖ ಬರೆದು ಎಸೆಯುತ್ತಿದ್ದ, ದೋಸೆ ಹಾಕುವವರ ಹಾಗೆ. ನನಗೂ ಹಟ ಬಂತು. ಸಂಜೆಗೆ ಇಪ್ಪತ್ತಮೂರು ಮಕ್ಕಳಾದವು. ರಾತ್ರಿ ರೈಲಿನಲ್ಲಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲಾಗದೆ ಎದುರಿನ ಸೀಟಿನವರ ಕೈಗೆ ಕೊಟ್ಟೆ.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನ ಬುಡದ ಸಂದು ಸವೆದಿದೆ ಅಂದರು. ಅದು ಕುದುರೆಯ ಜೀನಿನ ಆಕಾರದ ಸಂದಂತೆ. ಎಲ್ಲ ದಿಕ್ಕಿಗೂ ತಿರುಗುತ್ತದೆ, ಅದಕ್ಕೇ ಸವೆಯುತ್ತದೆ. ಬೆರಳ ತುದಿಯಲ್ಲಿ 1 ಕಿಲೋದಷ್ಟು ಒತ್ತಿ ಹಿಡಿದರೆ ಬುಡದಲ್ಲಿ ಸುಮಾರು 12 ಕಿಲೋ ಭಾರ ಬೀಳುತ್ತದಂತೆ. ಅರ್ಧ ಮೂಟೆ ಅಕ್ಕಿ ಹೊತ್ತುಕೊಂಡು ಮಕ್ಕಳ ರೆಪ್ಪೆ ಬರೆಯುತ್ತಿದ್ದೆ ಅಂತ ಆವತ್ತೇ ಗೊತ್ತಾಗಿದ್ದು.

"ಏನೇನು ಕೆಲಸ ಮಾಡ್ತೀರಿ?" ಅಂದರು.

"ಕಾಯಿ ತುರೀತೀನಿ, ಬಟ್ಟೆ ಹಿಂಡ್ತೀನಿ, ಚಪಾತಿ ಹಿಟ್ಟು ಕಲಸ್ತೀನಿ, ಕುಕ್ಕರ್ ಮುಚ್ಚಳ, ಉಪ್ಪಿನಕಾಯಿ ಜಾಡಿ ಮುಚ್ಚಳ... ಮಧ್ಯಾಹ್ನ ಒಂದರ್ಧ ಗಂಟೆ ಮಕ್ಕಳ ಚಿತ್ರ ಬರೀತೀನಿ."

ಎಲ್ಲವನ್ನೂ ಕೇಳಿ, ತಲೆಯಾಡಿಸಿ, "ಆ ಚಿತ್ರ ಬರೆಯೋದು ಸ್ವಲ್ಪ ಕಡಿಮೆ ಮಾಡಿ" ಅಂದರು. ಪಕ್ಕದಲ್ಲಿ ನಿಂತಿದ್ದ ನಮ್ಮೆಜಮಾನರು ಬಹಳ ಗಂಭೀರವಾಗಿ ಹೂಂಗುಟ್ಟಿದರು. ಕಾಯಿಯ ಸುದ್ದಿ ಇಬ್ಬರೂ ಎತ್ತಲಿಲ್ಲ.

ಮದ್ದು ಮಾಡಿದ್ದಕ್ಕೆ ಲೆಕ್ಕವಿಲ್ಲ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿಮಾಡಿ ಕಟ್ಟಿದ್ದಾಯಿತು, ಕಲ್ಲುಪ್ಪಿನ ಶಾಖವಾಯಿತು. ಫಿಸಿಯೋಥೆರಪಿಯ ಹುಡುಗಿ ಕರಗಿದ ಮೇಣದಲ್ಲಿ ಕೈ ಅದ್ದಿಸುತ್ತಾಳೆ: ಅದ್ದಬೇಕು, ತೆಗೆಯಬೇಕು, ಮತ್ತೆ ಅದ್ದಬೇಕು. ಬಜ್ಜಿ ಮೆಣಸಿನಕಾಯಿಗೆ ಹೇಗನ್ನಿಸಬಹುದು ಅಂತ ನಾನೀಗ ಅಧಿಕಾರವಾಣಿಯಿಂದ ಹೇಳಬಲ್ಲೆ. ತಣ್ಣಗಾದ ಮೇಲೆ ಮೇಣ ಕೈಗವಸಿನ ಹಾಗೆ ಸುಲಿದು ಬರುತ್ತದೆ, ನೋವು ಕೂಡ ಒಂದು ಗಂಟೆ ಸುಲಿದುಹೋಗುತ್ತದೆ. ಆಮೇಲೆ ಇಬ್ಬರೂ ಯಥಾಸ್ಥಾನ. ಏಕಲವ್ಯ ಪುಣ್ಯವಂತ. ಒಂದೇ ಸಲಕ್ಕೆ ಕೊಟ್ಟು ಕೈತೊಳೆದುಕೊಂಡ. ನಾನು ಕಂತಿನಲ್ಲಿ ಕೊಡುತ್ತಿದ್ದೇನೆ.

ಮನೆಯಲ್ಲಿ "ಕಡಿಮೆ ಮಾಡು" ಅನ್ನುವ ಮಾತು ಬಂದಾಗೆಲ್ಲ ನಾನು ಫ್ರಾನ್ಸಿನ ಚಿತ್ರಕಾರ ರೆನ್ವಾನನ್ನು ಮುಂದೆ ಬಿಡುತ್ತೇನೆ. ಸಂಧಿವಾತದಿಂದ ಬೆರಳು ಒಳಕ್ಕೆ ಮಡಚಿಕೊಂಡು, ಕೈಗೆ ಬಟ್ಟೆಪಟ್ಟಿ ಸುತ್ತಿಕೊಂಡು, 1919ರಲ್ಲಿ ಸಾಯುವವರೆಗೂ ಬರೆದ ಮಹಾನುಭಾವ. ಕುಂಚವನ್ನು ಕೈಗೆ ಕಟ್ಟುತ್ತಿದ್ದರು ಅಂತ ಎಲ್ಲರೂ ಹೇಳುತ್ತಾರೆ. ಪಟ್ಟಿ ಸುತ್ತಿದ್ದು ಚರ್ಮ ಸುಲಿಯದಿರಲಿ ಅಂತ, ಕುಂಚ ಬೆರಳ ಸಂದಿಯಲ್ಲೇ ಇರುತ್ತಿತ್ತು. ಆ ಕೈಯಲ್ಲಿ ಅವನು ಮತ್ತೆ ಮತ್ತೆ ಬರೆದದ್ದು ತನ್ನ ಅರುವತ್ತನೇ ವಯಸ್ಸಿನಲ್ಲಿ ಹುಟ್ಟಿದ ಕಿರಿಮಗ ಕೊಕೊನನ್ನು. 1909ರಲ್ಲಿ ಕೆಂಪು ಕೋಡಂಗಿ ವೇಷ ಹಾಕಿಸಿ ನಿಲ್ಲಿಸಿದಾಗ, ಬಿಳಿ ಕಾಲುಚೀಲ ಚುಚ್ಚುತ್ತದೆ, ಹಾಕಿಕೊಳ್ಳಲ್ಲ ಅಂತ ಹುಡುಗ ರಚ್ಚೆ ಹಿಡಿದನಂತೆ. ಆಟದ ರೈಲು ಕೊಡಿಸುತ್ತೇನೆ ಅಂತ ಪುಸಲಾಯಿಸಬೇಕಾಯಿತಂತೆ. ಅದನ್ನು ಓದಿ ನನಗಾದ ಸಮಾಧಾನ ಯಾವ ಮುಲಾಮಿನಿಂದಲೂ ಆಗಲಿಲ್ಲ.

ಇದೆಲ್ಲ ಕೇಳಿ ನಮ್ಮವರು, "ರೆನ್ವಾಗೆ ಮನೇಲಿ ಹೆಂಡತಿ ಇದ್ದಳು ಕಣೇ" ಅಂದರು.

"ನನಗೂ ಒಬ್ಬಳಿದ್ದಿದ್ದರೆ ಚೆನ್ನಾಗಿರ್ತಿತ್ತು" ಅಂದೆ.

ಆವತ್ತಿನಿಂದ ಕಾಯಿ ಅವರೇ ತುರಿಯುತ್ತಾರೆ, ಕರಟ ಸಮೇತ.

ನಾನೂ ಸುಮ್ಮನೆ ಕೂತಿಲ್ಲ. ಪೆನ್ಸಿಲಿಗೆ ಹಳೆ ಬನಿಯನ್ನಿನ ಪಟ್ಟಿ ಸುತ್ತಿ ಸೌತೆಕಾಯಿಯಷ್ಟು ದಪ್ಪ ಮಾಡಿಕೊಂಡಿದ್ದೇನೆ. ದಪ್ಪಗಿದ್ದರೆ ಹೆಬ್ಬೆರಳು ಹಿಸುಕಬೇಕಾಗಿಲ್ಲ. ಎಚ್‌ಬಿ ಬಿಟ್ಟು 6ಬಿಗೆ ಬಂದೆ. ನಮ್ಮಜ್ಜಿ ಸೀಸದ ಕಡ್ಡಿ ಅನ್ನುತ್ತಿದ್ದ ಇದರಲ್ಲಿ ಸೀಸ ಲವಲೇಶವೂ ಇಲ್ಲ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟ ಕಡ್ಡಿ. ಮಣ್ಣು ಹೆಚ್ಚಾದರೆ ಗಟ್ಟಿ, ಕಡಿಮೆಯಾದರೆ ಮೆತ್ತಗೆ. 6ಬಿ ಅಂದರೆ ಕಾಡಿಗೆಯ ಚಿಕ್ಕಮ್ಮ. ಒತ್ತದೆಯೇ ಬರೆಯುತ್ತದೆ, ಅಂಗೈ ತಾಗಿದರೆ ಮಗುವಿಗೆ ಗಡ್ಡವನ್ನೂ ಬರಿಸುತ್ತದೆ. ಹಲಗೆಯನ್ನು ನೆಟ್ಟಗೆ ನಿಲ್ಲಿಸಿ, ಮಣಿಕಟ್ಟು ಅಲುಗಿಸದೆ, ಭುಜದಿಂದ ತೋಳೆತ್ತಿ ಗೆರೆ ಎಳೆಯುವುದನ್ನೂ ಕಲಿತೆ. ಬೀದಿಯಿಂದ ನೋಡಿದವರಿಗೆ ಗೋಡೆಗೆ ಸುಣ್ಣ ಬಳಿಯುತ್ತಿದ್ದಾಳೆ ಅನ್ನಿಸುತ್ತದೆ.

ಹತ್ತು ನಿಮಿಷ ಬರೆದು ಹತ್ತು ನಿಮಿಷ ಕೈ ಬಿಡಿ ಅನ್ನುವುದು ಫಿಸಿಯೋ ಹುಡುಗಿಯ ಕಟ್ಟಪ್ಪಣೆ. ಅವಳಿಗೆ ಮಕ್ಕಳ ವಿಷಯ ಗೊತ್ತಿಲ್ಲ. ನಾಲ್ಕು ವರ್ಷದ ಪಾರ್ಟಿ ನಾಲ್ಕು ನಿಮಿಷಕ್ಕಿಂತ ಜಾಸ್ತಿ ಕೂತ ದಾಖಲೆ ನಮ್ಮ ಜಗಲಿಯಲ್ಲಿಲ್ಲ. ಒಂದನೇ ನಿಮಿಷ ಗಂಭೀರ. ಎರಡನೇ ನಿಮಿಷ ಮೂಗಿನಲ್ಲಿ ಬೆರಳು. ಮೂರಕ್ಕೆ "ಆಯ್ತಾ ಅಜ್ಜಿ?" ನಾಲ್ಕಕ್ಕೆ ಕುರ್ಚಿ ಖಾಲಿ. ಅವರು ಓಡಿಹೋಗುವ ಹೊತ್ತಿಗೂ ನನ್ನ ಬೆರಳು ಕೂಗುವ ಹೊತ್ತಿಗೂ ಸರಿಹೋಗುತ್ತದೆ. ಮದುವೆಗೆ ಜಾತಕ ಕೂಡ ಇಷ್ಟು ಚೆನ್ನಾಗಿ ಕೂಡಿಬರುವುದಿಲ್ಲ.

ಹೀಗಾಗಿ ಒಂದು ಮುಖ ಮುಗಿಯಲು ಎರಡು ಮೂರು ತಿಂಗಳು. ಅಷ್ಟರಲ್ಲಿ ಮಕ್ಕಳು ಬದಲಾಗಿಬಿಡುತ್ತಾರೆ. ದೊಡ್ಡವರ ಕಣ್ಣು ತಲೆಯ ಸರಿಯರ್ಧದಲ್ಲಿರುತ್ತದೆ, ಮಕ್ಕಳದ್ದು ಅದಕ್ಕಿಂತ ಕೆಳಗೆ, ಹಣೆಯೇ ಅರ್ಧ ರಾಜ್ಯ ಅಂತ ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. ಆ ರಾಜ್ಯದ ಗಡಿ ವಾರವಾರ ಕದಲುತ್ತದೆ ಅಂತ ಯಾವ ಪಾಠದಲ್ಲೂ ಇರಲಿಲ್ಲ. ಒಬ್ಬನ ನಗು ಬರೆಯಲು ಶುರುಮಾಡಿದಾಗ ಮುಂದಿನ ಹಲ್ಲು ಎರಡೂ ಇತ್ತು. ಮೇಣದ ಸ್ನಾನ ಮುಗಿಸಿ ಬರುವಷ್ಟರಲ್ಲಿ ಒಂದಿತ್ತು. ಇನ್ನೊಬ್ಬಳ ಗುಂಗುರು ಕೂದಲನ್ನು ಐದು ಶನಿವಾರ ಸುರುಳಿ ಸುರುಳಿಯಾಗಿ ಬರೆದೆ. ಸುರುಳಿ ಬರೆಯುವುದೆಂದರೆ ಹೆಬ್ಬೆರಳಿಗೆ ನೂಲುವ ಕೆಲಸ, ಆ ರಾತ್ರಿಗಳಲ್ಲಿ ನಿದ್ದೆಯಿಲ್ಲ. ಆರನೇ ಶನಿವಾರ ಹುಡುಗಿ ಬಂದಳು: ತಿರುಪತಿಗೆ ಹೋಗಿ ಮುಡಿ ಕೊಟ್ಟು, ತಲೆಗೆ ಗಂಧ ಮೆತ್ತಿಕೊಂಡು, ನುಣ್ಣಗೆ. "ಅಜ್ಜಿ, ಗುಂಡೇ ಬರಿ" ಅಂದಳು. ಅವಳಮ್ಮ "ಕೂದಲು ಇರಲಿ ಮೇಡಂ" ಅಂದಳು. ನಾನು ಹೆಬ್ಬೆರಳನ್ನು ಕೇಳಿದೆ. ಅದು ಗುಂಡಿನ ಪರವಾಗಿತ್ತು.

ಎಲ್ಲಕ್ಕಿಂತ ನೋವು ಕೊಡುವುದು ಬರೆಯುವುದಲ್ಲ, ಪೆನ್ಸಿಲ್ ಹೆರೆಯುವುದು. ಮೆಂಡರಿಗೆ ಹಾಕಿ ಹೆಬ್ಬೆರಳಲ್ಲಿ ಹಿಸುಕಿ ತಿರುಗಿಸಬೇಕಲ್ಲ, ಅಲ್ಲಿ ಆ ಹನ್ನೆರಡು ಕಿಲೋವೂ ಒಟ್ಟಿಗೆ ಕೂಗುತ್ತದೆ. ಈಗ ಆ ಇಲಾಖೆಯನ್ನು ಮಕ್ಕಳಿಗೇ ವಹಿಸಿದ್ದೇನೆ. ಚಿತ್ರಕ್ಕೆ ಕೂರುವವರು ಫೀಸು ಕೊಡಬೇಕಿಲ್ಲ, ಒಂದು ಪೆನ್ಸಿಲ್ ಹೆರೆದುಕೊಡಬೇಕು. ಇದರಷ್ಟು ಖುಷಿ ಅವರಿಗೆ ಚಿತ್ರದಲ್ಲೂ ಇಲ್ಲ. ಹೆರೆದ ಸಿಪ್ಪೆಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಹಾಲಿನಲ್ಲಿ ನೆನೆಹಾಕಿದರೆ ರಬ್ಬರ್ ಆಗುತ್ತದೆ, ಪುಸ್ತಕದೊಳಗಿನ ನವಿಲುಗರಿಗೆ ಉಣಿಸಿದರೆ ಮರಿ ಹಾಕುತ್ತದೆ ಅನ್ನುವ ವಿದ್ಯೆ, ನನ್ನ ಬಾಲ್ಯದಲ್ಲಿದ್ದದ್ದು, ಒಂದಕ್ಷರ ತಪ್ಪದೆ ಇವರಿಗೂ ತಲುಪಿದೆ. ಎಚ್‌ಬಿಯ ಸಿಪ್ಪೆಗಿಂತ 6ಬಿಯ ಸಿಪ್ಪೆಗೆ ಗರಿ ಬೇಗ ಮರಿ ಹಾಕುತ್ತದೆ ಅಂತ ನಾನೂ ಸೇರಿಸಿದ್ದೇನೆ, ಡ್ರಾಯಿಂಗ್ ಮೇಡಂ ಹೇಳಿದ ಮೇಲೆ ಪ್ರಶ್ನೆಯಿಲ್ಲ.

ಸದ್ಯಕ್ಕೆ ನಮ್ಮ ಜಗಲಿಯಲ್ಲಿ ಹನ್ನೊಂದು ಮಕ್ಕಳು ಅರ್ಧಂಬರ್ಧ ಇದ್ದಾರೆ. ಇಬ್ಬರಿಗೆ ಕಿವಿ ಬರಬೇಕು, ಒಬ್ಬನಿಗೆ ಗದ್ದ. ಯಾವಾಗ ಮುಗಿಯುತ್ತದೆ ಅಂತ ತಂದೆತಾಯಿಗಳು ದಯವಿಟ್ಟು ಫೋನ್ ಮಾಡಬೇಡಿ, ಫೋನ್ ಹಿಡಿಯುವುದೂ ಅದೇ ಹೆಬ್ಬೆರಳು. ಶನಿವಾರ ಮೂರೂವರೆಗೆ ಮಗುವನ್ನು ಕಳಿಸಿ, ಕೈಯಲ್ಲೊಂದು ಮೆಂಡರ್ ಕೊಟ್ಟು ಕಳಿಸಿ. ಮೆಲ್ಲಗೆ ತಿರುಗಿಸಲು ಹೇಳಿ. 6ಬಿಯ ಲೆಡ್ಡು ಬಹಳ ಬೇಗ ಮುರಿಯುತ್ತದೆ.